ಅಪ್ಪ ಹೊಲಿದ ನಡುಭಾಗ

ಜಾದೂ ಕಂಪನಿಯ ಡೇರೆ ದುರಸ್ತಿಗೆಂದು ಹೊಲಿಗೆಮನೆಗೆ ವಾಪಸು ಬಂದಾಗ ಅಕ್ಕನಿಗೆ ಹಳೆಯ ಗೆಳತಿ ಮನೆಗೆ ಬಂದಷ್ಟು ಸಂತೋಷವಾಯಿತು. ಹುಡುಗಿಯಾಗಿದ್ದಾಗ ಹೊಲಿದ ಡೇರೆ ಅದು. ಎರಡು ಅರ್ಧವೃತ್ತ, ನಡುವೆ ಉದ್ದನೆಯದೊಂದು ಭಾಗ. ಮೂರನ್ನೂ ಹಗ್ಗ ಹೆಣೆದು ಕಟ್ಟಿದರೆ ಅರ್ಧ ಊರೇ ಒಳಗೆ ಕೂರುತ್ತಿತ್ತು. ಒಂದರ್ಧ ಅವಳದು, ಇನ್ನೊಂದರ್ಧ ತಮ್ಮ ಗುಂಡನದು, ನಡುಭಾಗ ಅಪ್ಪನದು. ಅಕ್ಕ ತಮ್ಮ ಇಬ್ಬರೂ ಪೈಪೋಟಿಗೆ ಬಿದ್ದು ಹೊಲಿದಿದ್ದರು. ಯಾರ ಕೆಲಸ ಚೆನ್ನ ಎಂದು ಕೇಳಿದರೆ ಅಪ್ಪ ಬಾಯಲ್ಲಿ ದಾರ ಕಚ್ಚಿಕೊಂಡೇ ಗೋಣಾಡಿಸುತ್ತಿದ್ದರು. ಅದು ಹೌದೋ ಅಲ್ಲವೋ ದೇವರಿಗೇ ಗೊತ್ತು.

ಈಗ ನೋಡುವವರು ಕಡಿಮೆ, ಡೇರೆ ಚಿಕ್ಕದಾಗಲಿ ಎಂದ ಕಂಪನಿಯ ಮ್ಯಾನೇಜರ್. ನಡುಭಾಗ ತೆಗೆದು ಎರಡು ಅರ್ಧಗಳನ್ನೇ ಜೋಡಿಸಿ ಕೊಡಬೇಕು. ಆಗದಿದ್ದರೆ ಪ್ಲಾಸ್ಟಿಕ್ ಡೇರೆ ಕೊಂಡು ಇದನ್ನು ಗುಜರಿಗೆ ಹಾಕುತ್ತೇವೆ ಎಂದೂ ಸೇರಿಸಿದ. ಗುಜರಿ ಎಂದದ್ದೇ ತಡ, ಅಕ್ಕ ಡೇರೆಯನ್ನು ತನ್ನತ್ತ ಎಳೆದುಕೊಂಡಳು. ಇದೇನು ಮಹಾ ಕೆಲಸ, ನಾಳೆಯೇ ತಗೊಂಡು ಹೋಗಿ ಎಂದು ಕೊಚ್ಚಿಕೊಂಡಳು.

ಎರಡು ಅಂಚುಗಳನ್ನು ಪಕ್ಕಪಕ್ಕ ಹಾಸಿ ನೋಡಿದರೆ ಹಗ್ಗ ಪೋಣಿಸುವ ಹಿತ್ತಾಳೆ ಕಣ್ಣುಗಳು ಒಂದಕ್ಕೊಂದು ತಾಳೆಯಾಗಲೊಲ್ಲವು. ಗುಂಡನ ಅರ್ಧ ಒಂದು ಗೇಣು ಉದ್ದ. ಹಾಗೇ ಎಳೆದು ಕಟ್ಟಿದರೆ ಗಾಳಿಗೆ ಹರಿಯುವುದು ಖಂಡಿತ. ಯಾರದಾದರೂ ಒಬ್ಬರ ಅರ್ಧಕ್ಕೆ ಕತ್ತರಿ ಹಾಕಬೇಕು. ಆದರೆ ಕಣ್ಣುಗಳಿದ್ದ ಅಂಚು ಹಳೇ ಬಟ್ಟೆ, ಬಿಚ್ಚಿ ಹೊಲಿದರೆ ಹಗ್ಗದ ಎಳೆತ ತಡೆಯುವಂತಿರಲಿಲ್ಲ.

ಗುಂಡ ಪ್ಲಾಸ್ಟಿಕ್ ಡೇರೆಯ ಕಾರ್ಖಾನೆ ಸೇರಿದ ಮೇಲೆ ಅಕ್ಕನಿಗೂ ಅವನಿಗೂ ಅಷ್ಟಕ್ಕಷ್ಟೇ. ಆದರೂ ಫೋನ್ ಮಾಡಿದಳು. ಅವನು ಬಂದ. ತಲೆ ಬೋಳಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಗಿಡ್ಡವಾಗಿರುವುದು ಅಕ್ಕನದೇ ಎಂದು ಚಪ್ಪಲಿ ಬಿಡುವ ಮೊದಲೇ ಶುರು ಹಚ್ಚಿಕೊಂಡ. ಆಗ ಮನೆಯಲ್ಲಿ ಎರಡು ಬಟ್ಟೆಯ ಟೇಪುಗಳಿದ್ದವು. ಒಂದು ಕೆಟ್ಟಿತ್ತು, ಎಳೆದೂ ಎಳೆದೂ ಹಿಗ್ಗಿತ್ತೋ ತೊಯ್ದು ಕುಗ್ಗಿತ್ತೋ ಇಬ್ಬರಿಗೂ ನೆನಪಿಲ್ಲ. ಅದು ಯಾರ ಕೈಯಲ್ಲಿತ್ತು ಎಂದು ಚಿಕ್ಕಂದಿನ ಹಾಗೆಯೇ ಕಿತ್ತಾಡಿದರು. ಅಕ್ಕನಿಗೆ ಆ ಕಿತ್ತಾಟವೂ ಎಷ್ಟು ಹಿತವಾಗಿತ್ತೆಂದರೆ ನಿಲ್ಲಿಸಲು ಮನಸ್ಸಾಗಲಿಲ್ಲ.

"ಅದ್ಸರಿ, ಇಷ್ಟು ವರ್ಷ ಇದು ಹೇಗೆ ನಿಂತಿತ್ತು?" ಎಂದ ಗುಂಡ.

ಇಬ್ಬರೂ ಮೂಲೆಗೆ ತಳ್ಳಿದ್ದ ನಡುಭಾಗವನ್ನು ಎಳೆತಂದು ಬಿಡಿಸಿದರು. ಅದರ ಒಂದು ಅಂಚು ಅಕ್ಕನ ಅರ್ಧಕ್ಕೆ ಕಣ್ಣಿಗೆ ಕಣ್ಣು ಕೂತಿತು. ಇನ್ನೊಂದು ಅಂಚು ಒಂದು ಗೇಣು ಉದ್ದ, ಗುಂಡನದಕ್ಕೆ ಕೂತಿತು. ನಡುಭಾಗಕ್ಕೆ ಜೋಡಿಸಿದ್ದ ಪ್ರತಿ ಬಟ್ಟೆಪಟ್ಟಿಯನ್ನೂ ಒಂದು ಕಡೆ ಚೂರೇ ಚೂರು ಅಗಲ ಕತ್ತರಿಸಿ, ಯಾರ ಕಣ್ಣಿಗೂ ಬೀಳದಂತೆ ಅಪ್ಪ ಹೊಲಿದಿದ್ದರು. ಸಾಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಆ ಬಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು.

ದಾರಿ ಹೊಳೆದಿದ್ದು ಗುಂಡನಿಗೆ. ನಡುಭಾಗದ ಮಧ್ಯದ ಬಟ್ಟೆ ಮಾತ್ರ ತೆಗೆದು, ಕಣ್ಣುಗಳಿದ್ದ ಅಪ್ಪನ ಎರಡು ಅಂಚುಗಳನ್ನು ಹಾಗೇ ಹೊರಗುಳಿಸಿ, ಒಳಬದಿಯಲ್ಲಿ ಉದ್ದದ್ದಕ್ಕೆ ಸಣ್ಣ ನೆರಿಗೆ ಕೊಟ್ಟು ಒಂದಕ್ಕೊಂದು ಹೊಲಿದರೆ ಕಿರಿದಾದ ಪಟ್ಟಿಯಾಗುತ್ತದೆ. ಡೇರೆಯೂ ಚಿಕ್ಕದಾಗುತ್ತದೆ, ಯಾರ ಅರ್ಧಕ್ಕೂ ಕತ್ತರಿ ಬೀಳುವುದಿಲ್ಲ.

ಕೆಲಸಕ್ಕೆ ಕೂರುವ ಮುಂಚೆ ಅವನು ಜೇಬಿನಿಂದ ಕಾರ್ಖಾನೆಯ ಉಕ್ಕಿನ ಟೇಪು ತೆಗೆದ. ಯಾರ ಅಳತೆ ಸರಿ ಎಂಬುದು ಈಗ ಗೊತ್ತಾಗಿಬಿಡುತ್ತಿತ್ತು.

"ಬೇಡ ಬಿಡೋ," ಎಂದಳು ಅಕ್ಕ. "ಅಪ್ಪನೇ ಹೇಳಿಲ್ಲ."

ಗುಂಡ ಅವಳ ಮುಖವನ್ನೊಮ್ಮೆ ನೋಡಿ ಟೇಪನ್ನು ಮತ್ತೆ ಜೇಬಿಗಿಳಿಸಿದ. ಆಮೇಲೆ ಅಕ್ಕ ಒಂದು ಕಡೆಯಿಂದ, ಅವನು ಇನ್ನೊಂದು ಕಡೆಯಿಂದ ಹೊಲಿಯುತ್ತ ಬಂದರು.