ರಸ್ತೆಗಿಂತ ಮುಂದೆ ನಡೆಯುವ ಚಿಕ್ಕವೆಂಕಟಮ್ಮ

ಚಿಕ್ಕವೆಂಕಟಮ್ಮ ತಲೆಯೆತ್ತಿ ನಡೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಅದನ್ನು ನಾಚಿಕೆಯೆಂದು ಮೊದಲು ತಿಳಿದವರಲ್ಲಿ ನಾನೂ ಒಬ್ಬ. ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದು, ಆಟೋಗಳ ಕೂಗಾಟವನ್ನೂ ಹೂವಿನವರ ತಮಿಳು ಚೌಕಾಸಿಯನ್ನೂ ದಾಟಿ ನನ್ನ ಕೋಣೆಯ ಮೆಟ್ಟಿಲು ಹತ್ತುವಾಗಲೂ ಆಕೆಯ ಕಣ್ಣು ಪಾದದಿಂದ ನಾಲ್ಕು ಮೊಳ ಮುಂದಿನ ನೆಲದಲ್ಲಿಯೇ ನೆಟ್ಟಿರುತ್ತಿತ್ತು. ಮೂರು ಹೆಜ್ಜೆ, ಒಂದು ನಿಲುಗಡೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಟ, ಮತ್ತೆ ಮೂರು ಹೆಜ್ಜೆ. ಸಿಮೆಂಟಿನ ಮೆಟ್ಟಿಲಿನ ಮೇಲೆ ಏನನ್ನು ಹುಡುಕುತ್ತೀಯಮ್ಮ ಎಂದು ಕೇಳುವ ಧೈರ್ಯ ನನಗೆ ಬರಲು ಎರಡು ತಿಂಗಳು ಹಿಡಿಯಿತು.

“ಏನೂ ಇಲ್ಲ ಸಾ,” ಎಂದಳು. “ಕಾಲು ಅಂಗೇ ಕಲ್ತ್‌ಬಿಟ್ಟವೆ.”

ಆಕೆಯ ಉದ್ಯೋಗಕ್ಕೆ ನಮ್ಮ ಭಾಷೆಯಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಬಂಗಾರಪೇಟೆಯ ಸುತ್ತ ಹಲವು ಕಡೆ, ರಸ್ತೆ ಅಗಲಿಸುವ ಮೊದಲು, ಚರಂಡಿ ತೋಡುವ ಮೊದಲು, ಅಂಚಿನ ಹುಲ್ಲುಗಾವಲನ್ನು ಕಾಲ್ನಡಿಗೆಯಲ್ಲಿ ಶೋಧಿಸಿ ಅಲ್ಲಿ ನಕ್ಷತ್ರ ಆಮೆಗಳಿವೆಯೋ ಇಲ್ಲವೋ ಎಂದು ಯಾರಾದರೂ ಹೇಳಬೇಕಿತ್ತು. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಹೊತ್ತು, ಒಣಹುಲ್ಲಿನ ಬುಡದಲ್ಲಿ ಒಣಹುಲ್ಲಿನ ನೆರಳೇ ಆಗಿ ಕುಳಿತುಬಿಡುವ ಆ ಸಾಧುಪ್ರಾಣಿ, ಕಳ್ಳಸಾಗಣೆಯವರ ಚೀಲಕ್ಕೂ ಜೆಸಿಬಿಯ ಹಲ್ಲಿಗೂ ಸಿಕ್ಕಿ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದೆ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆ ಈ ಸಮೀಕ್ಷೆಯನ್ನು ವಹಿಸಿಕೊಂಡಿತ್ತು. ನಡೆಯುವವಳು ಚಿಕ್ಕವೆಂಕಟಮ್ಮ, ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಆಕೆ ಕಂಡದ್ದನ್ನು ಪ್ರತಿ ಶನಿವಾರ ನಮೂನೆಯಲ್ಲಿ ತುಂಬುವವನು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು. ನಾನು ‘ನಕ್ಷತ್ರ ಆಮೆ’ ಎಂದು ಬರೆಯುತ್ತಿದ್ದುದನ್ನು ಆಕೆ ಮನೆಮಾತಿನ ತೆಲುಗಿನಲ್ಲಿ ‘ಚುಕ್ಕಲ ತಾಬೇಲು’ ಎನ್ನುತ್ತಿದ್ದಳು.

ಸೀರೆಯ ಮೇಲೆ ಆಕೆ ಸದಾ ತೊಡುತ್ತಿದ್ದುದು ಒಂದು ಖಾಕಿ ಕೋಟು. ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದು ತೀರಿಕೊಂಡ ಮಾವನದು. ತೋಳು ಎರಡು ಸುತ್ತು ಮಡಚಿದರೂ ಬೆರಳ ತುದಿಯವರೆಗೆ ಇಳಿಯುತ್ತಿತ್ತು. ದೂರದಿಂದ ಹೊಳೆಯುವ ಹಸಿರು ಜಾಕೆಟ್ಟೊಂದನ್ನು ಸಂಸ್ಥೆಯವರು ಕೊಟ್ಟಿದ್ದರು, ಕಡ್ಡಾಯವಾಗಿ ಧರಿಸಬೇಕೆಂದು ಹೇಳಿಯೂ ಇದ್ದರು. ಆಕೆ ಮಾತು ಮೀರಲಿಲ್ಲ: ಜಾಕೆಟ್ಟನ್ನು ತೊಟ್ಟು ಅದರ ಮೇಲೆ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಳು. ಗಂಡ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ವಿಷಯ ಕೇಳಿದರೆ ಕೋಟಿನ ಜೇಬಿನಿಂದ ಬೇಯಿಸಿದ ಕಡಲೆಕಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟು ಬೇರೆ ಮಾತಿಗೆ ಹೊರಳುತ್ತಿದ್ದಳು.

ಒಂದು ದಿನ ಬೆಳಗ್ಗೆ ಆಕೆಯೊಡನೆ ನಾನೂ ನಡೆಯಲು ಹೋದೆ. ಊರಿಗಾಂ ಕಡೆಯ ಬಿಳಿಯ ಗಣಿದಿಬ್ಬಗಳ ಮೇಲೆ ಬಿಸಿಲು ಏರಿದ್ದರೂ ಆಕೆ ಶುರುಮಾಡಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಅಂಗೈಯನ್ನು ಮಣ್ಣಿನ ಮೇಲೆ ಚಪ್ಪಟೆಯಾಗಿ ಒತ್ತಿ, ಮಗುವಿನ ಜ್ವರ ನೋಡುವವಳಂತೆ ಬಹಳ ಹೊತ್ತು ಹಾಗೆಯೇ ಇದ್ದಳು. “ನೆಲ ಇನ್ನೂ ಎದ್ದಿಲ್ಲ,” ಎಂದಳು. ನೆಲ ಎದ್ದ ಮೇಲೆಯೇ ಪ್ರಾಣಿ ಏಳುವುದು, ಪ್ರಾಣಿ ಎದ್ದ ಮೇಲೆಯೇ ಮನುಷ್ಯ ಹುಡುಕುವುದು. ಈ ಕ್ರಮವನ್ನು ಯಾವ ಅಧಿಕಾರಿಯ ಅವಸರಕ್ಕೂ ಆಕೆ ಬದಲಿಸಿದವಳಲ್ಲ. ಬಂದರಿಕೆ ಗಿಡಗಳ ನಡುವೆ ನಾನು ಮೂರು ಸಲ ದಾಟಿಹೋಗಿದ್ದ ಕಡೆ ನಾಲ್ಕನೆಯ ಸಲ ಕೋಲಿನ ತುದಿಯಿಂದ ಒಂದೆರಡು ಎಳೆ ಹುಲ್ಲು ಸರಿಸಿ ತೋರಿಸಿದಳು. ಕಲ್ಲೆಂದು ನಾನು ತಿಳಿದದ್ದು ಮೆಲ್ಲಗೆ ಕತ್ತು ಹೊರಚಾಚಿ ನಮ್ಮಿಬ್ಬರನ್ನೂ ನೋಡಿತು.

ಈ ಕಣ್ಣು ಆಕೆಗೆ ಬಂದದ್ದು ಹುಲ್ಲು ಕೊಯ್ಯುವುದರಿಂದ. ಬಂಗಾರಪೇಟೆಯ ಆಚೆಗಿನ ತನ್ನ ಹಳ್ಳಿಯ ಗೋಮಾಳದಲ್ಲಿ, ಪಕ್ಕದ ಮನೆಯ ಗಂಗರತ್ನಮ್ಮನೊಡನೆ, ಇಪ್ಪತ್ತು ವರ್ಷ ಆಕೆ ಕುಡುಗೋಲು ಹಿಡಿದಿದ್ದಳು. ಗಂಗರತ್ನಮ್ಮನಿಗೆ ಎರಡು ಸೀಮೆಹಸು. ಡೈರಿಗೆ ಹಾಲು ಹಾಕುವ ಸಂಸಾರ. ಚಿಕ್ಕವೆಂಕಟಮ್ಮನದು ಹೊರೆ ಮಾರುವ ಬದುಕು. ಒಬ್ಬಳ ಹೊರೆಯನ್ನು ಇನ್ನೊಬ್ಬಳು ಎತ್ತಿ ತಲೆಗಿಡದೆ ಇಬ್ಬರಲ್ಲಿ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಕೊನೆಯ ಹೊರೆಯನ್ನು ಯಾರು ಎತ್ತುತ್ತಿದ್ದರು ಎಂದು ನಾನೊಮ್ಮೆ ತಮಾಷೆಗೆ ಕೇಳಿದಾಗ ಆಕೆ ಗಂಭೀರವಾಗಿ ವಿವರಿಸಿದಳು: ಅದನ್ನು ಮೊದಲೇ ಎತ್ತರದ ಬಂಡೆಯ ಮೇಲಿಟ್ಟಿರಬೇಕು, ಗಂಗರತ್ನ ಗಿಡ್ಡ, ಆದ್ದರಿಂದ ಬಂಡೆ ಯಾವಾಗಲೂ ತನ್ನ ಪಾಲು. ಒಂದು ದಿನ ಚಿಕ್ಕವೆಂಕಟಮ್ಮನ ಕುಡುಗೋಲು ಹುಲ್ಲಿನೊಳಗೆ ಗಟ್ಟಿಯಾದುದೊಂದಕ್ಕೆ ತಗಲಿ ಕಿಡಿ ಹಾರಿದಂತಾಯಿತು. ಅಂದಿನಿಂದ ಕೈಯಿಂದ ಹುಲ್ಲು ಬಿಡಿಸಿ ನೋಡಿಯೇ ಕೊಯ್ದಳು. ಸಂಸ್ಥೆಯವರು ಮೊದಲು ಹಳ್ಳಿಗೆ ಬಂದು, ಅರಳಿಕಟ್ಟೆಯ ಗಂಡಸರನ್ನು ಆಮೆಗಳಿವೆಯೇ ಎಂದು ಕೇಳಿದಾಗ ಅವರೆಲ್ಲ ಇಲ್ಲವೆಂದರು. ಹೊರೆ ಹೊತ್ತು ಹೋಗುತ್ತಿದ್ದ ಈಕೆ ನಿಂತು, ಎಲ್ಲೆಲ್ಲಿ ಇವೆ ಎಂದು ಹೇಳಿದಳು. ಹಾಗೆ ಆ ಕೆಲಸ ಸಿಕ್ಕಿತು.

ಹನ್ನೊಂದು ವರ್ಷ ಊರೂರಿನ ರಸ್ತೆಗಳ ಅಂಚಿನಲ್ಲಿ ನಡೆದ ಮೇಲೆ, ಹೋದ ವರ್ಷದ ಮುಂಗಾರಿನಲ್ಲಿ, ರಸ್ತೆ ಆಕೆಯ ಊರಿಗೇ ಬಂತು. ಗೋಮಾಳದ ಇಳಿಜಾರಿನಲ್ಲಿ ಚರಂಡಿ ತೋಡಬೇಕಿತ್ತು. ಹತ್ತೊಂಬತ್ತು ದಿನ ನಡೆದರೂ ಒಂದು ಪ್ರಾಣಿಯೂ ಕಾಣಲಿಲ್ಲ. ಕಾಮಗಾರಿಯ ಇಂಜಿನಿಯರು ಕಾಂತರಾಜ್ ಒಳ್ಳೆಯ ಹುಡುಗ, ದಿನವೂ ಬೈಕು ನಿಲ್ಲಿಸಿ, “ಏನಮ್ಮ, ಇವತ್ತಾದ್ರೂ ಮುಗಿಸ್ತೀರಾ?” ಎಂದು ನಯವಾಗಿಯೇ ಕೇಳುತ್ತಿದ್ದ. ಇಪ್ಪತ್ತು ದಿನವೆಂದು ಒಪ್ಪಂದವಾಗಿತ್ತು, ಇಪ್ಪತ್ತು ದಿನವೂ ನಡೆಯುತ್ತೇನೆ ಎಂದಳು.

ಇಪ್ಪತ್ತನೆಯ ದಿನ ಮಧ್ಯಾಹ್ನ ಮಳೆ ಬಂದು ನಿಂತಿತು. ಹೊತ್ತು ಇಳಿಯುವಾಗ ಆಕೆ ಕೊನೆಯ ಸುತ್ತು ಹೊರಟಾಗ ಗಂಗರತ್ನಮ್ಮ ಅಲ್ಲಿಯೇ ಹುಲ್ಲು ಕೊಯ್ಯುತ್ತಿದ್ದಳು. ಕವಳೆ ಪೊದೆಯ ಪಕ್ಕದಲ್ಲಿ, ಚರಂಡಿಗೆ ಸುಣ್ಣದ ಗೆರೆ ಎಳೆದಿದ್ದ ಜಾಗದಲ್ಲಿ, ಒಂದು ದೊಡ್ಡ ಹೆಣ್ಣು ಆಮೆ ಹಿಂಗಾಲಿನಿಂದ ಮಣ್ಣು ಕೆರೆಯುತ್ತಿತ್ತು. ಗೆಳತಿಯರಿಬ್ಬರೂ ಕುಳಿತುಬಿಟ್ಟರು. ಅದು ಒಂದೊಂದಾಗಿ ನಾಲ್ಕು ಮೊಟ್ಟೆಯಿಟ್ಟು, ಹಿಂದಕ್ಕೆ ತಿರುಗಿ ನೋಡದೆಯೇ ಕಾಲಿನಿಂದ ಮಣ್ಣು ಮುಚ್ಚಿ, ಹೊಟ್ಟೆಯಿಂದ ಒತ್ತಿ ಸಮಮಾಡಿ ಹೋಗುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ. ಆಮೇಲೆ ಗಂಗರತ್ನಮ್ಮ ಆಕೆಯ ಕೋಟಿನ ತೋಳು ಹಿಡಿದಳು.

“ಅಕ್ಕಾ, ನೋಡಿರೋದು ನಾವಿಬ್ರೇ. ಯೋಳ್ಬ್ಯಾಡ. ಸುತ್ತಾ ಬಲೆ ಕಟ್ಟಿಬಿಡ್ತಾರೆ. ಹುಲ್ಲಿಗೆ ನಾನೆಲ್ಲಿಗೋಗ್ಲಿ?”

“ಅದೆಲ್ಲಿಗೋದಾತು, ಗಂಗಾ?”

“ನನ್ ಅಸುಗಳಿಗಿಂತ ಅದು ಎಚ್ಚಾ ನಿಂಗೆ?”

ಚಿಕ್ಕವೆಂಕಟಮ್ಮ ಬಗ್ಗಿ ಗೆಳತಿಯ ಹೊರೆಯನ್ನು ಎತ್ತಿ ಅವಳ ತಲೆಗಿಟ್ಟಳು.

ಮಾರನೆಯ ದಿನ ಶನಿವಾರ. ನನ್ನ ಕೋಣೆಗೆ ಬಂದವಳು ಕುರ್ಚಿಯ ತುದಿಯಲ್ಲಿ ಕುಳಿತು, ನಾನು ಕೊಟ್ಟ ಕಾಫಿಯನ್ನು ಮೇಜಿನ ಮೇಲೆ ಸರಿಸಿಟ್ಟಳು. ಹಿಂದಿನ ಸಂಜೆಯದನ್ನೆಲ್ಲ ಬಿಡಿಬಿಡಿಯಾಗಿ ಹೇಳಿದ್ದು ಆಮೇಲೆ. ನಾನು ಲೇಖನಿ ಕೆಳಗಿಟ್ಟು, ಇನ್ನೊಮ್ಮೆ ಯೋಚಿಸು, ಬೇಕಾದರೆ ನಾಳೆ ಬರೆಯೋಣ ಎಂದೆ. ಆ ಮಾತಿಗಾಗಿ ಇಂದಿಗೂ ನನಗೆ ನಾಚಿಕೆಯಿದೆ.

“ನಾಳಿಕ್ಕೆ ಬರಿಯೋದಾದ್ರೆ ಇವತ್ತು ಯಾಕ್ ಬರ್ತಿದ್ದೆ ಸಾ? ಬರ್ಕೊಳ್ಳಿ. ಕಂಡೈತೆ. ನಾಕು ಮೊಟ್ಟೆ. ಕವಳೆ ಪೊದೆಯಿಂದ ಮೂರು ಮಾರು, ರಸ್ತೆ ಕಡೀಕೆ.”

ಕಾಂತರಾಜ್ ಕೋಪಿಸಿಕೊಳ್ಳಲಿಲ್ಲ, ಮೊಟ್ಟೆಗಳನ್ನು ಅಗೆದು ಬೇರೆ ಕಡೆ ಹೂಳಬಹುದಲ್ಲ ಎಂದು ಕೇಳಿದ. ಮಗ್ಗುಲು ಬದಲಾದರೆ ಒಳಗಿನದು ಸಾಯುತ್ತದೆ, ಕೈಯಿಡಕೂಡದು ಎಂದಳು. ಸಂಸ್ಥೆಯ ತಜ್ಞರೂ ಅದನ್ನೇ ಹೇಳಿದರು. ಇಳಿಜಾರಿನ ಸುತ್ತ ಬಲೆ ಬಂತು, ಒಳಗೆ ಹುಲ್ಲು ಕೊಯ್ಯುವುದು ನಿಂತಿತು, ಅಷ್ಟು ಉದ್ದದ ಚರಂಡಿ ಕೆಲಸ ಕಾರ್ತಿಕದವರೆಗೆ ಮುಂದಕ್ಕೆ ಹೋಯಿತು. ಎರಡು ಹಸುಗಳಿಗೆ ಮೇವು ಹೊಂದಿಸಲಾಗದೆ ಗಂಗರತ್ನಮ್ಮ ಒಂದನ್ನು ಮಾರಿ, ಮುಂಜಾನೆಯ ರೈಲಿಗೆ ಬೆಂಗಳೂರಿನ ಕಚೇರಿಯೊಂದರ ನೆಲ ಒರೆಸುವ ಕೆಲಸಕ್ಕೆ ಹೋಗತೊಡಗಿದಳು. ಅವಳು ಜಗಳವಾಡಲಿಲ್ಲ. ಮಾತು ನಿಲ್ಲಿಸಿದಳು. ಮೂವತ್ತು ವರ್ಷದ ಒಡನಾಟ ಎರಡು ಬಾಗಿಲುಗಳ ನಡುವಿನ ಹತ್ತು ಹೆಜ್ಜೆಯ ಅಂತರದಲ್ಲಿ ಹಾಗೇ ಒಣಗಿತು. ಅವಳನ್ನು ನೋಡಿ ಕೇರಿಯ ಉಳಿದ ಹೆಂಗಸರೂ ನಲ್ಲಿಯ ಹತ್ತಿರ ಈಕೆ ಬಂದರೆ ಬಿಂದಿಗೆ ಎತ್ತಿಕೊಂಡು ಹೊರಡುವವರಾದರು.

ಆ ನಾಲ್ಕೂವರೆ ತಿಂಗಳು ಚಿಕ್ಕವೆಂಕಟಮ್ಮ ಸಂಸ್ಥೆ ಹೇಳಿದ ಬೇರೆ ರಸ್ತೆಗಳ ಕೆಲಸ ಮುಗಿಸಿ, ದಿನವೂ ಸಂಜೆ ಬಸ್ಸಿಳಿದು ಬಂದು ಬಲೆಯ ಪಕ್ಕ ಕೂರುತ್ತಿದ್ದಳು. ನಾಯಿ, ಮುಂಗುಸಿ ಕೆದಕದಂತೆ ಕಾಯಬೇಕಿತ್ತು ಎಂಬುದು ನಿಜ. ಮಾತಾಡುವವರಿಲ್ಲದ ಮನೆಗೆ ಬೇಗ ಹೋಗಿ ಮಾಡುವುದೇನೂ ಇರಲಿಲ್ಲ ಎಂಬುದೂ ನಿಜವೇ. ಶನಿವಾರದ ನಮೂನೆ ತುಂಬಿದ ಮೇಲೂ ನನ್ನ ಕೋಣೆಯಲ್ಲಿ ಕುಳಿತಿರತೊಡಗಿದಳು. ಬಸ್ಸು ತಪ್ಪುತ್ತದಲ್ಲಮ್ಮ ಎಂದರೆ, “ಇನ್ನೊಂದೈತೆ ಸಾ,” ಎನ್ನುವಳು. ಆ ಇನ್ನೊಂದನ್ನೂ ಬಿಟ್ಟು ಮತ್ತೊಂದಕ್ಕೆ ಹೋದದ್ದುಂಟು. ಬರೆದದ್ದು ತಪ್ಪಾಯಿತೆಂದು ಆಕೆ ಒಂದು ದಿನವೂ ಹೇಳಲಿಲ್ಲ; ಸರಿಯಾಯಿತೆಂದೂ ಹೇಳಲಿಲ್ಲ.

ಕಾರ್ತಿಕದ ಒಂದು ಭಾನುವಾರ ಬೆಳಗ್ಗೆ ನನಗೆ ಫೋನು ಬಂತು. ಆಕೆ ತಾನಾಗಿ ಫೋನು ಮಾಡಿದ್ದು ಅದೊಂದೇ ಸಲ. ನಾನು ಹೋಗುವ ವೇಳೆಗೆ ಮಣ್ಣು ಬಿರಿದು, ನೆಲ್ಲಿಕಾಯಿಗಿಂತ ಕೊಂಚ ದೊಡ್ಡವಾದ ಮೂರು ಮರಿಗಳು ಹೊರಬಂದಿದ್ದವು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಅರಣ್ಯದ ಕಡೆಯವರು ಬಂದು ಮರಿಗಳನ್ನೂ, ಬಲೆಯೊಳಗೆ ಆಮೇಲೆ ಸಿಕ್ಕಿದ ಐದು ದೊಡ್ಡ ಆಮೆಗಳನ್ನೂ ದೂರದ ಕುರುಚಲು ಕಾಡಿಗೆ ಒಯ್ದರು. ಜೀಪು ಹೋದ ಮೇಲೆ ಆಕೆ ಕೋಟಿನ ಮಣ್ಣು ಕೊಡವಿಕೊಂಡು, “ಬನ್ನಿ ಸಾ, ಒಂದು ಮನೀಗೆ ಓಗಾನ,” ಎಂದಳು.

ಗಂಗರತ್ನಮ್ಮನ ಮನೆಯ ಮುಂದೆ ಆಕೆ ನಿಂತಳು, ಒಳಗೆ ಕಾಲಿಡಲಿಲ್ಲ, ಕೂಗಲೂ ಇಲ್ಲ. ರಜೆಯ ದಿನವಾದ್ದರಿಂದ ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನಮ್ಮನ್ನು ಕಂಡೂ ಪೊರಕೆ ನಿಲ್ಲಿಸಲಿಲ್ಲ. ಕೊಟ್ಟಿಗೆ ಪೂರ್ತಿ ಗುಡಿಸಿ, ಕೈ ತೊಳೆದು, ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು. ಒಂದನ್ನು ನನಗೆ ಕೊಟ್ಟಳು. ಇನ್ನೊಂದನ್ನು ಜಗುಲಿಯ ಮೇಲಿಟ್ಟು ಗೋಡೆಯ ಕಡೆ ನೋಡುತ್ತ ಕೇಳಿದಳು:

“ಎಷ್ಟು ಬದುಕಿದ್ವು?”

“ಮೂರು.”

“ಇನ್ನೊಂದು?”

“ಆಗ್ಲಿಲ್ಲ ಗಂಗಾ.”

ಗಂಗರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕುಡ್ದು ಓಗು,” ಎಂದು ಒಳಗೆ ಹೋದಳು. ಆಮೇಲೂ ಅವರ ನಡುವೆ ಮೊದಲಿನ ಮಾತುಕತೆ ಮರಳಲಿಲ್ಲ. ಹುಲ್ಲೇ ಇಲ್ಲದ ಮೇಲೆ ಜೊತೆಯಾಗಿ ಹೋಗಲು ಜಾಗವಾದರೂ ಎಲ್ಲಿತ್ತು? ಆ ವಾರವೇ ಯಂತ್ರಗಳು ಬಂದವು. ಈಗ ಅಲ್ಲಿ ಅಗಲವಾದ ರಸ್ತೆಯಿದೆ, ನೇರವಾದ ಚರಂಡಿಯಿದೆ, ನನ್ನ ಬಸ್ಸು ಹತ್ತು ನಿಮಿಷ ಬೇಗ ಹೋಗುತ್ತದೆ. ಚಿಕ್ಕವೆಂಕಟಮ್ಮ ಆಂಧ್ರದ ಗಡಿಯ ಕಡೆ ಹೊಸದೊಂದು ರಸ್ತೆಗೆ ಮುಂಚಿತವಾಗಿ ನಡೆಯುತ್ತಿದ್ದಾಳೆ.

ಇಂಥವರು ಎಲ್ಲ ಕಾಲದಲ್ಲಿಯೂ ವಿರಳವಾಗಿಯಾದರೂ ಇರುತ್ತಾರೆಂದು ನಾನು ನಂಬಿದ್ದೇನೆ. ನಾಡಿಗೆ ರಸ್ತೆ ಬೇಡವೆಂದು ಅವರು ಹಟ ಹಿಡಿಯುವುದಿಲ್ಲ. ತಮ್ಮವರ ಕಷ್ಟ ತಿಳಿಯದ ಕಲ್ಲೆದೆಯವರೂ ಅವರಲ್ಲ. ಕಂಡದ್ದನ್ನು ಕಂಡೆನೆಂದು ಹೇಳುವುದಷ್ಟೇ ಅವರು ಅರಿತ ಧರ್ಮ, ಅದಕ್ಕೆ ತೆರಬೇಕಾದುದನ್ನು ಸದ್ದಿಲ್ಲದೆ ತೆತ್ತುಬಿಡುತ್ತಾರೆ. ಅವರಿಂದ ಬದುಕಿದ ಜೀವಗಳಿಗೆ ಮಾತು ಬಾರದು. ಮಾತು ಬಲ್ಲವರಿಗೆ ಅವರ ಮೇಲೆ ಮುನಿಸು. ಈ ಎರಡು ಮೌನಗಳ ನಡುವಿನ ಕಿರುದಾರಿಯಲ್ಲಿಯೇ ಅವರ ಆಯುಷ್ಯ ಸವೆಯುತ್ತದೆ.