ಬಳೆಯೊಳಗಿನ ಬೆಣೆ

ಮನೆ ತೇಲುತ್ತದೆ ಎಂದಾಗ ನಗದವರೇ ಇರಲಿಲ್ಲ. ನಗಲಿ ಬಿಡಿ, ಇಂಜಿನಿಯರು ಹಟ ಬಿಡುವ ಆಸಾಮಿಯಲ್ಲ. ನದಿದಂಡೆಯ ತಗ್ಗಿನಲ್ಲಿ ಹನ್ನೊಂದು ಮನೆ ಎಬ್ಬಿಸಿಯೇಬಿಟ್ಟ. ನೆಲದಡಿ ಗಾಳಿ ತುಂಬಿದ ಡ್ರಮ್ಮುಗಳು, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಂಬ, ಕಂಬಕ್ಕೊಂದರಂತೆ ಮನೆಯ ಮೂಲೆಗೆ ಬಿಗಿದ ಕಬ್ಬಿಣದ ಬಳೆ. ನೀರು ಬಂದರೆ ಮನೆ ಬಳೆಗಳ ಸಮೇತ ಕಂಬದ ಮೇಲೆ ಜಾರಿಕೊಂಡು ಏರುತ್ತದೆ, ಇಳಿದರೆ ಇಳಿಯುತ್ತದೆ. ಬಳೆಗೂ ಕಂಬಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು ಇರಲೇಬೇಕು ಎಂದು ನಕ್ಷೆಯಲ್ಲಿ ಅವನೇ ಕೆಂಪಕ್ಷರದಲ್ಲಿ ಬರೆದಿದ್ದ.

ಮೊದಲು ವಾಸಕ್ಕೆ ಬಂದವಳು ಅವನ ಅಕ್ಕ. "ನನ್ನ ತಮ್ಮ ಕಟ್ಟಿದ ಮನೆಗೆ ನಾನೇ ಹೆದರಿದ್ರೆ ಬೇರೆಯವರು ಬರ್ತಾರಾ?" ಎಂದು ಗಂಡನನ್ನು ಹೊರಡಿಸಿಕೊಂಡು ಬಂದಳು.

ಬಂದವಳದು ದಿನಾ ಫೋನು. ಗಾಳಿ ಬೀಸಿದರೆ ಸಾಕು, ಬಳೆ ಕಂಬಕ್ಕೆ ಬಡಿದು ಕಟಕಟ ಸದ್ದು. "ಅಲ್ವೋ, ನಿನ್ನ ಮನೆ ನಿದ್ದೇಲಿ ಹಲ್ಲು ಕಡಿಯುತ್ತೆ ಕಣೋ!" ಮೊದಮೊದಲು ಅವನೂ ನಕ್ಕ. ಆಮೇಲೆ ತಲೆ ಚಿಟ್ಟು ಹಿಡಿದುಹೋಯಿತು. ಒಂದು ದಿನ ಮೀಟಿಂಗಿನ ಮಧ್ಯೆ ಎದ್ದು ಹೊರಗೆ ಬಂದು, "ಅಯ್ಯೋ ಅಕ್ಕಾ, ಆ ಬಳೆ ಸಂದಿಗೆ ಒಂದು ಮರದ ತುಂಡು ಬೆಣೆ ಹಾಕಿಸು, ಸುಮ್ನಾಗುತ್ತೆ. ಬಂದಾಗ ನೋಡ್ತೀನಿ," ಎಂದುಬಿಟ್ಟ. ನೋಡಲು ಹೋಗಲೇ ಇಲ್ಲ. ಹೇಳಿದ್ದೂ ಮರೆತುಹೋಯಿತು.

ನೀರು ಬಂತು. ಹತ್ತು ಮನೆಗಳು ಎದ್ದು ನಿಂತವು. ಅಕ್ಕನ ಮನೆ ಮೂರು ಮೂಲೆಯಲ್ಲಿ ಎದ್ದಿತು, ನಾಲ್ಕನೆಯದು ಕಚ್ಚಿಕೊಂಡಿತು. ವಾಲಿದ ಮನೆಯೊಳಗೆ ಬೀರು ಜಾರಿ ಅವಳನ್ನು ಗೋಡೆಗೆ ಒತ್ತಿ ಹಿಡಿಯಿತು, ನೀರು ನುಗ್ಗಿತು. ಭಾವ ಎಷ್ಟು ಎಳೆದರೂ ಬೀರು ಅಲುಗಲಿಲ್ಲ.

ಮೂರನೆಯ ದಿನ ನೀರಿಳಿದ ಮೇಲೆ ತನಿಖೆಗೆ ಅಧಿಕಾರಿ ಬಂದರು. ಉಬ್ಬಿ ಬಿಗಿದುಕೊಂಡಿದ್ದ ಬೆಣೆಯನ್ನು ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು. ಅದನ್ನು ಕಂಡದ್ದೇ ಇಂಜಿನಿಯರಿಗೆ ಫೋನಿನ ಮಾತು ಅಕ್ಷರಕ್ಷರವೂ ನೆನಪಾಯಿತು.

"ಯಾರ್ರೀ ಇದನ್ನ ತುರುಕಿದ್ದು?" ಎಂದು ಅಧಿಕಾರಿ ಕೇಳಿದರು.

"ನಾನೇ ಸಾರ್," ಎಂದರು ಭಾವ. "ಸದ್ದು ನಿಲ್ಲುತ್ತೆ ಅಂದ್ಲು. ಸುತ್ತಿಗೆ ತಗೊಂಡು ನಾನೇ ಹೊಡೆದೆ."

ನಕ್ಷೆಯಲ್ಲಿ ತಪ್ಪಿಲ್ಲ, ವಾಸವಿದ್ದವರ ಅಜಾಗರೂಕತೆ ಎಂದು ಅಧಿಕಾರಿ ಬರೆದುಕೊಂಡರು. ಇಂಜಿನಿಯರು ತುಟಿ ಬಿಚ್ಚಲಿಲ್ಲ. ಸದ್ಯ, ಬಚಾವಾದೆ ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ತಡೆಯಲಾಗಲಿಲ್ಲ. ನಿರಾಶ್ರಿತರಿದ್ದ ಶಾಲೆಯ ಕೋಣೆಗೆ ಹೋಗಿ ಭಾವನ ಮುಂದೆ ಕೂತ.

"ಭಾವ, ಬೆಣೆ ಹಾಕಿಸು ಅಂತ ಅಕ್ಕಂಗೆ ಹೇಳಿದ್ದು ನಾನು. ನಾನೇ ಅವಳನ್ನ ಕೊಂದೆ. ನಾಳೆ ಆ ಅಧಿಕಾರಿಗೂ ಹೇಳ್ತೀನಿ."

ಭಾವ ತಲೆಯೆತ್ತಿ ಅವನತ್ತ ನೋಡಿದರು. ಅತ್ತು ಅತ್ತು ಅವರ ಕಣ್ಣು ಬಾತುಹೋಗಿದ್ದವು.

"ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀಯಲ್ಲೋ," ಎಂದರು. "ನನ್ನ ತಮ್ಮನದು ಚಿನ್ನದಂಥ ಮನಸ್ಸು ಅಂತ ಅವಳು ಸುಮ್ಸುಮ್ನೆ ಹೇಳ್ತಿರಲಿಲ್ಲ."

"ಸುಳ್ಳಲ್ಲ ಭಾವ! ದೇವರಾಣೆ!"

"ಸಾಕು ಬಿಡಪ್ಪ. ಹೊಡೆದ ಕೈ ನಂದು."

ಅವನು ಮತ್ತೆ ಹೇಳಿದ. ಮತ್ತೂ ಒಂದು ಸಲ ಹೇಳಿದ. ಭಾವ ಪ್ರತಿ ಸಲವೂ ಅವನ ಬೆನ್ನು ಸವರಿದರು.