ಹೊದಿಕೆಯೊಳಗಿನ ಸೂರ್ಯ

ಭೂಮಿಯ ಉತ್ತರ ತುದಿಗೆ ಹತ್ತಿರದ ಸೆನ್ಯಾ ದ್ವೀಪದಲ್ಲಿ ಮೇ ತಿಂಗಳ ಕೊನೆಗೆ ಮೇಲೆದ್ದ ಸೂರ್ಯ ಜುಲೈವರೆಗೂ ಮುಳುಗುವ ಮಾತೇ ಎತ್ತುವುದಿಲ್ಲ. ನಡುರಾತ್ರಿಯಲ್ಲೂ ಕುರಿಗಳು ಮೇಯುತ್ತಿರುತ್ತವೆ, ಸಮುದ್ರ ಜೇನಿನ ಬಣ್ಣ ತಳೆದು ಸುಮ್ಮನೆ ಬಿದ್ದಿರುತ್ತದೆ. ಮನುಷ್ಯರು ಮಾತ್ರ ಕಿಟಕಿಗೆ ಕಪ್ಪು ಪರದೆ ಎಳೆದು ರಾತ್ರಿಯನ್ನು ತಾವೇ ಮಾಡಿಕೊಳ್ಳಬೇಕು.

ಟೂರಿಡ್ ಹಾಗೆ ರಾತ್ರಿ ಮಾಡಿಕೊಳ್ಳಲು ಹೋಗಿ ಸೋತಿದ್ದಳು. ಪರದೆ ಸಾಲದೆಂದು ಅದರ ಮೇಲೆ ಕಂಬಳಿ ಜಡಿದಳು, ಕಂಬಳಿಯ ಸಂದಿಗೆ ಟೇಪು ಅಂಟಿಸಿದಳು. ಊಹೂಂ! ಬರೀ ನಿದ್ದೆಯ ಮಾತಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅವಳಿಗೆ ಬೇಕಾಗಿದ್ದವನು ಓಡ್ವಾರ್. ಏಪ್ರಿಲ್‌ನಲ್ಲಿ ತೀರಿಕೊಂಡ ಗಂಡ ಒಂದೇ ಒಂದು ಸಲವೂ ಅವಳ ಕನಸಿಗೆ ಬಂದಿರಲಿಲ್ಲ. ಮಗನ ಕನಸಿಗೆ ಬಂದ. ಪಕ್ಕದ ಮನೆಯವನ ಕನಸಿಗೂ ಹೋಗಿ ಏಣಿ ಕೇಳಿದನಂತೆ! ಕಟ್ಟಿಕೊಂಡವಳ ಕಡೆಗೆ ಮಾತ್ರ ತಲೆ ಹಾಕಲಿಲ್ಲ. ಆ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಓಡ್ವಾರನ ತಂಗಿ ಗುಡ್ರುನ್ ಬಿಸಿ ವಾಫಲ್ ತಂದಳು.

"ಅತ್ತಿಗೆ, ಕಾಫಿಗೆ ಉಪ್ಪು ಹಾಕ್ತಿದ್ದೀಯಲ್ಲ!"

"ಈ ಹಾಳು ಸೂರ್ಯ ಕಣೇ. ಕಣ್ಣು ಮುಚ್ಚೋಕೆ ಬಿಡ್ತಿಲ್ಲ."

"ಐವತ್ತು ವರ್ಷ ಮಲಗೋಕೆ ಬಿಟ್ಟಿದ್ದ ಸೂರ್ಯ ಈಗ್ಯಾಕೆ ಹಿಡ್ಕೊಂಡ?"

ಗುಡ್ರುನ್ ಮಲಗುವ ಕೋಣೆಗೆ ಹೋಗಿ ನೋಡಿದಳು. ಗವಿಯಂಥ ಕತ್ತಲೆ. ದಿಂಬಿನ ಪಕ್ಕ ಕೈಯಾಡಿಸಿದರೆ ಫೋನು ಇನ್ನೂ ಬೆಚ್ಚಗಿತ್ತು.

"ರಾತ್ರಿಯೆಲ್ಲ ಏನು ನೋಡ್ತೀಯ ಇದ್ರಲ್ಲಿ?"

"ನಿಮ್ಮಣ್ಣನ್ನ." ಟೂರಿಡ್ ತಲೆ ತಗ್ಗಿಸಿದಳು. "ಬಲೆ ಎಳೆಯೋದು, ಕುಡಿದು ಹಾಡೋದು... ಎಲ್ಲಾ ವಿಡಿಯೋ ಇದೆ. ನೋಡ್ತಾ ಮಲಗಿದ್ರೆ ಕನಸಲ್ಲಾದ್ರೂ ಬರ್ತಾನೇನೋ ಅಂತ. ನೋಡ್ತಾ ನೋಡ್ತಾ ನಾಲ್ಕು ಗಂಟೆ ಆಗೋಗತ್ತೆ."

ಗುಡ್ರುನ್‌ಗೆ ನಗು, ಅಳು ಒಟ್ಟಿಗೇ ಬಂದವು. "ಅಯ್ಯೋ ನನ್ನ ಬಂಗಾರದ ಅತ್ತಿಗೆ! ದೊಡ್ಡ ಸೂರ್ಯನ್ನ ಆಚೆ ನೂಕಿ, ಚಿಕ್ಕದೊಂದನ್ನ ಹೊದಿಕೆಯೊಳಗೆ ಮಲಗಿಸ್ಕೊಂಡಿದ್ದೀಯಲ್ಲ! ನಿದ್ದೆ ಎಲ್ಲಿಂದ ಬರ್ಬೇಕು? ಕೊಡಿಲ್ಲಿ."

"ಬೇಡ ಕಣೇ, ಅವನು ಇರೋದೇ ಅದ್ರಲ್ಲಿ."

"ನನ್ನ ಒಡಹುಟ್ಟಿದೋನನ್ನ ನಾನು ಕಳೆದುಬಿಡ್ತೀನಾ? ಸಂಜೆ ಒಯ್ತೀನಿ, ಬೆಳಿಗ್ಗೆ ತಂದುಕೊಡ್ತೀನಿ."

ಮೊದಲೆರಡು ರಾತ್ರಿ ಟೂರಿಡ್‌ಳ ಕೈ ದಿಂಬಿನ ಸುತ್ತ ತಡಕಾಡಿತು. ಅವನನ್ನು ಎರಡನೆಯ ಸಲ ಕಳುಹಿಸಿಕೊಟ್ಟಂತಾಗಿ ಅತ್ತಳು. ಮೂರನೆಯ ರಾತ್ರಿ ಕಡಲಹಕ್ಕಿಗಳ ಕೂಗು ದೂರ ದೂರ ಸರಿಯಿತು, ಮೈ ಹಗುರಾಯಿತು, ಮಂಚ ಮೆಲ್ಲಗೆ ದಡ ಬಿಟ್ಟು ತೇಲಿತು.

ಓಡ್ವಾರ್ ಬಂದ. ಒದ್ದೆ ಬೂಟಿನಲ್ಲೇ ಬಾಗಿಲಲ್ಲಿ ನಿಂತಿದ್ದ. ಅವಳಿಗೆ ಸಿಟ್ಟು ಉಕ್ಕಿತು.

"ಈಗ ದಾರಿ ಗೊತ್ತಾಯ್ತಾ? ಊರವರ ಹತ್ರ ಎಲ್ಲ ಹೋದೆ. ನಾನು ಮಾತ್ರ ಬೇಡವಾದ್ನಾ?"

"ಎಲ್ಲರಿಗಿಂತ ಮೊದಲು ಇಲ್ಲಿಗೇ ಬರ್ತಿದ್ದೆ ಕಣೇ," ಎಂದ ಓಡ್ವಾರ್. "ದಿನಾ ಬಂದು ಇಲ್ಲೇ ನಿಂತು ಕಾಯ್ತಿದ್ದೆ. ನೀನು ಒಂದು ದಿನವಾದ್ರೂ ನಿದ್ದೆ ಮಾಡಿದ್ರೆ ತಾನೇ!"